ಗಿಲಕಿ ಗಿಡದ ಪತಂಗ: ಮೂರನೇ ವರ್ಷಕ್ಕೆ ಕೈಹಿಡಿಯಿತು

"ಹಗಲು ಹಾರೋ ಪತಂಗ ಸಾಕೋ ಬಲೆಗೂಡಿನೊಳಗೆ ಮೊಟ್ಟೆ ಇಡೋದಿಲ್ಲ, ಸುಮ್ನಿರು ಮಾರಾಯ" ಅಂದವರು ಒಬ್ಬಿಬ್ಬರಲ್ಲ. ಮೂರು ವರ್ಷದಿಂದ ಸಾಕೋಕೆ ಒದ್ದಾಡ್ತಿದ್ದ ಯುಟೆಥೈಸಾ ಅನ್ನೋ ಪತಂಗದ ಎರಡನೇ ತಲೆಮಾರು ಈ ಸಲ ಕಾರವಾರದ ನಮ್ಮ ಜಗಲಿಯಲ್ಲೇ ರೆಕ್ಕೆ ಬಿಚ್ಚಿದೆ. ಅದಕ್ಕೇ ಬರೀತಿದ್ದೇನೆ.

ಪತಂಗ ಸಿಗೋದೇನೂ ಕಷ್ಟವಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆ, ಹಳದಿ ಹೂವಿನ ಗಿಲಕಿ ಗಿಡ (ಕ್ರೋಟಲೇರಿಯಾ, ಒಣಗಿದ ಕಾಯಿ ಗಿಲಕಿ ಹಾಗೆ ಸದ್ದು ಮಾಡುತ್ತೆ) ಇರುವ ಹುಲ್ಲಲ್ಲಿ ಕಾಲೆಳೆದು ನಡೆದರೆ ಸಾಕು. ಬಿಳಿ ರೆಕ್ಕೆ, ಮೇಲೆ ಕುಂಕುಮ ಚಿಮುಕಿಸಿದ ಹಾಗೆ ಕೆಂಪು ಚುಕ್ಕೆ, ನಡುನಡುವೆ ಕಪ್ಪು. ಎದ್ದು ನಾಲ್ಕು ಮಾರು ಹಾರಿ ಮತ್ತೆ ಹುಲ್ಲಿಗೆ ಅಂಟಿಕೊಳ್ಳುತ್ತೆ.

ಮೊದಲ ವರ್ಷ 1200 ರೂಪಾಯಿ ಕೊಟ್ಟು ಅಕ್ರಿಲಿಕ್ ಡಬ್ಬಿ ತರಿಸಿದೆ. ನಮ್ಮ ಜುಲೈ ಮಳೆ ಗೊತ್ತಲ್ಲ? ಡಬ್ಬಿಯ ಗೋಡೆ ಬೆವರಿತು, ಹಿಕ್ಕೆಗೆ ಬೂಸ್ಟು ಬಂತು, ಮೂವತ್ತು ಚಿಲ್ಲರೆ ಹುಳ ಎರಡೇ ದಿನದಲ್ಲಿ ಕಪ್ಪಾಗಿ ನೇತಾಡಿದವು. ಎರಡನೇ ವರ್ಷ ಗಾಳಿಯೇನೋ ಸರಿಹೋಯ್ತು, ಬರೀ ಎಲೆ ಹಾಕಿ ಕೆಟ್ಟೆ. ಹುಳ ಸೊರಗಿದವು, ಉಳಿದ ಕೋಶಗಳನ್ನು ಇರುವೆ ಹೊತ್ತೊಯ್ದವು.

ಗುಟ್ಟು ಇದ್ದದ್ದು ಕಾಯಲ್ಲಿ. ಒಂದು ಎಳೆ ಕಾಯಿ ಸೀಳಿ ನೋಡಿದೆ: ಪಕ್ಕದಲ್ಲಿ ತೂತು, ಹುಳ ಅರ್ಧ ಮೈ ಒಳಗೆ ತೂರಿಸಿ ಹಸಿ ಬೀಜ ಮೇಯ್ತಿದೆ, ಹಿಂಭಾಗ ಮಾತ್ರ ಹೊರಗೆ. ಗಿಡದ ವಿಷ ಬೀಜದಲ್ಲೇ ಜಾಸ್ತಿ, ಶತ್ರುಗಳಿಂದ ಉಳಿಯೋಕೆ ಹುಳಕ್ಕೆ ಬೇಕಾಗಿರೋದೂ ಆ ವಿಷವೇ. ಅಲ್ಲಿಂದ ದಿನಾ ಹಸಿ ಕಾಯಿ. ಕಾಯಿ ಬಾಡದ ಹಾಗೆ ಹೇಗೆ ಇಟ್ಟೆ ಅನ್ನೋದನ್ನ ಮಾತ್ರ ಈಗ ಹೇಳೋದಿಲ್ಲ. ಡಬ್ಬಿಯ ಬದಲು ಮೀನಿನ ಬಿದಿರುಬುಟ್ಟಿ, ಮೇಲೆ ಹಳೇ ಸೊಳ್ಳೆಪರದೆ, ಹಗ್ಗ ಕಟ್ಟಿ ತೂಗುಹಾಕಿದ್ದು. ಹಗ್ಗಕ್ಕೆ ಸೀಮೆಎಣ್ಣೆ ಬಟ್ಟೆ, ಇರುವೆ ಕಾಟ ಮುಗೀತು. ಎಲ್ಲಾ ಸೇರಿ 70-80 ರೂಪಾಯಿ. ಮೊಟ್ಟೆಯಿಂದ ಪತಂಗಕ್ಕೆ ಹೆಚ್ಚುಕಡಿಮೆ ಒಂದು ತಿಂಗಳು.

ನಡುವೆ ಒಂದು ಹುಚ್ಚು ಪ್ರಯೋಗ. ಹಿತ್ತಲಿನ ದೊಡ್ಡ ಜೇಡದ ಬಲೆಗೆ ಒಂದು ಪತಂಗ ಎಸೆದೆ. ಜೇಡ ಓಡಿಬಂತು, ಮುಟ್ಟಿತು, ಆಮೇಲೆ ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಕೆಳಗೆ ಬೀಳಿಸಿತು! ಪತಂಗ ಎದ್ದು ಹಾರಿಹೋಯ್ತು. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಕತ್ತಿನ ಹತ್ತಿರ ನೊರೆ ಉಕ್ಕುತ್ತಲ್ಲ, ಅದರ ರುಚಿ ಜೇಡಕ್ಕೆ ಗೊತ್ತಿತ್ತೋ ಏನೋ. ಇನ್ನಷ್ಟು ಪತಂಗ ಬರಲಿ ಅಂತ ಒಣಗಿದ ಚೇಳುಬಾಲದ ಗಿಡವನ್ನೂ ಅಲ್ಲೇ ನೇತುಹಾಕಿದ್ದೆ. ಪತಂಗ ಬರಲಿಲ್ಲ, ನೀಲಿ ಪಟ್ಟೆಯ ಚಿಟ್ಟೆಗಳ ಜಾತ್ರೆ ನೆರೆಯಿತು.

ಈಗ ಬುಟ್ಟಿಯಲ್ಲಿ ಹನ್ನೊಂದು ಕೋಶ ಇವೆ. ಬಂಗಡೆ ತರೋಕೆ ಮನೆಯವಳು ಭಾನುವಾರದ ಸಂತೆಯಲ್ಲಿ ಬೇರೆ ಬುಟ್ಟಿ ಕೊಂಡಳು, 150 ರೂಪಾಯಿ. ಅದನ್ನ ನಾನು ಲೆಕ್ಕಕ್ಕೆ ಸೇರಿಸಿಲ್ಲ.