ವಿಮಾನದೊಳಗೆ ಗಾಳಿಯ ಒತ್ತಡ ಕುಸಿದರೆ ಪೈಲಟ್‌ಗೆ ಗೊತ್ತಾಗುವುದು ಹೇಗೆ?

ವಿಮಾನ 35,000 ಅಡಿ ಎತ್ತರದಲ್ಲಿದ್ದರೂ ಒಳಗೆ ಕೂತವರು ಆರಾಮಾಗಿ ಉಸಿರಾಡುತ್ತಾರೆ. ಎಂಜಿನ್‌ನಿಂದ ಬರುವ ಗಾಳಿಯನ್ನು ಒಳಗೆ ತುಂಬಿ, ಹಿಂಭಾಗದ ಕವಾಟದಿಂದ ಅಳೆದು ಹೊರಬಿಡುವ ವ್ಯವಸ್ಥೆ ಇದಕ್ಕೆ ಕಾರಣ. ಒಳಗಿನ ಗಾಳಿ ಸಾಮಾನ್ಯವಾಗಿ 8,000 ಅಡಿ ಎತ್ತರದಲ್ಲಿ ಇರುವುದಕ್ಕಿಂತ ತೆಳುವಾಗುವುದಿಲ್ಲ. ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 1,700 ಅಡಿ ಮೇಲೆ ಎಂದುಕೊಳ್ಳಿ. ಒಳಗಿನ ಗಾಳಿ ಎಷ್ಟು ಅಡಿ ಎತ್ತರದ ಗಾಳಿಯಷ್ಟು ತೆಳುವಾಗಿದೆ ಎಂಬ ಈ ಲೆಕ್ಕವೇ ಕ್ಯಾಬಿನ್ ಆಲ್ಟಿಟ್ಯೂಡ್.

ಒತ್ತಡ ಒಮ್ಮೆಲೇ ಹೋದರೆ ಯಾರೂ ಹೇಳಬೇಕಿಲ್ಲ. ದೊಡ್ಡ ಸದ್ದು, ಒಳಗೆಲ್ಲ ಮಂಜು, ಕಿವಿಯಲ್ಲಿ ನೋವು. ಭಯಪಡಬೇಕಾದದ್ದು ಸದ್ದಿಲ್ಲದೆ ಸೋರುವ ಒತ್ತಡಕ್ಕೆ. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ಬುದ್ಧಿಯೇ. ಎಲ್ಲ ಸರಿಯಿದೆ ಎಂಬ ಹಾಯಾದ ಭಾವ ಬರುತ್ತದೆ. ಅದಕ್ಕೇ ಪೈಲಟ್ ತನ್ನ ಮೈಯನ್ನು ನಂಬದೆ ಮೀಟರ್ ನಂಬಬೇಕು.

ಮೊದಲ ಹೆಜ್ಜೆ: ಮೇಲೇರುವಾಗ ಕ್ಯಾಬಿನ್ ಆಲ್ಟಿಟ್ಯೂಡ್ ನೋಡುತ್ತಿರಬೇಕು. ಅದು ನಿಧಾನಕ್ಕೆ ಏರಬೇಕು. ವಿಮಾನದ ಜೊತೆಜೊತೆಗೇ ಏರುತ್ತಿದ್ದರೆ ಒಳಗೆ ಒತ್ತಡ ನಿಲ್ಲುತ್ತಿಲ್ಲ ಎಂದೇ ಅರ್ಥ.

ಎರಡನೆಯದು: ಕ್ಯಾಬಿನ್ ಆಲ್ಟಿಟ್ಯೂಡ್ ಸುಮಾರು 10,000 ಅಡಿ ದಾಟಿದರೆ ಎಚ್ಚರಿಕೆ ಮೊಳಗುತ್ತದೆ. ಆಗ ಕಾರಣ ಹುಡುಕುತ್ತಾ ಕೂರಬಾರದು. ಮೊದಲು ಮಾಸ್ಕ್, ಆಮೇಲೆ ಯೋಚನೆ. 35,000 ಅಡಿಯಲ್ಲಿ ಮಾಸ್ಕ್ ಇಲ್ಲದೆ ಸರಿಯಾಗಿ ಯೋಚಿಸಲು ಸಿಗುವುದು 30ರಿಂದ 60 ಸೆಕೆಂಡ್ ಮಾತ್ರ.

ಮೂರನೆಯದು: ಒತ್ತಡದ ಸ್ವಿಚ್ ಆಟೋದಲ್ಲಿದೆಯೇ, ಎಂಜಿನ್ ಗಾಳಿ ಬರುತ್ತಿದೆಯೇ ಎಂದು ನೋಡಬೇಕು. ಹತೋಟಿಗೆ ಬರದಿದ್ದರೆ ಅಪಾಯದಲ್ಲಿದ್ದೇವೆ ಎಂದು ರೇಡಿಯೊದಲ್ಲಿ ತಿಳಿಸುವ 'ಮೇಡೇ' ಕರೆ ಕೊಟ್ಟು, ಕೆಳಗೆ ಬೆಟ್ಟಗುಡ್ಡ ಅಡ್ಡವಿಲ್ಲದಿದ್ದರೆ ಬೇಗನೆ 10,000 ಅಡಿಗೆ ಇಳಿಯಬೇಕು.

2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಾಕಾದಿಂದ ಹೊರಟ ಹೀಲಿಯೋಸ್ 522 ವಿಮಾನದಲ್ಲಿ ಎರಡನೇ ಹೆಜ್ಜೆಯೇ ತಪ್ಪಿತು. ನೆಲದ ಮೇಲೆ ತಪಾಸಣೆ ಮಾಡಿದ ಮೇಲೆ ಒತ್ತಡದ ಸ್ವಿಚ್ ಮ್ಯಾನ್ಯುಯಲ್‌ನಲ್ಲೇ ಉಳಿದಿತ್ತು. ಪೈಲಟ್‌ಗಳ ಕಣ್ಣಿಗೂ ಅದು ಬೀಳಲಿಲ್ಲ. ವಿಮಾನ ಸುಮಾರು 12,000 ಅಡಿ ಏರಿದಾಗ ಒತ್ತಡದ ಎಚ್ಚರಿಕೆಯ ಹಾರ್ನ್ ಮೊಳಗಿತು. ಆ ಬೋಯಿಂಗ್ 737ರಲ್ಲಿ ಟೇಕಾಫ್‌ಗೆ ವಿಮಾನ ಸಜ್ಜಾಗಿಲ್ಲ ಎಂದು ಎಚ್ಚರಿಸುವುದೂ ಅದೇ ಹಾರ್ನ್. ಅವರು ಹಾಗೆಯೇ ತಿಳಿದರು. ಆದರೆ ಟೇಕಾಫ್ ಎಚ್ಚರಿಕೆ ನೆಲದ ಮೇಲೆ ಮಾತ್ರ ಬರುವಂಥದ್ದು, ಅಲ್ವಾ? ಉಪಕರಣ ತಂಪಾಗಿಸುವ ವ್ಯವಸ್ಥೆಯ ದೀಪಗಳೂ ಹೊತ್ತಿಕೊಂಡವು. ಕ್ಯಾಪ್ಟನ್ ಅದರ ಬಗ್ಗೆಯೇ ರೇಡಿಯೊದಲ್ಲಿ ಕೇಳುತ್ತಿದ್ದರು. ಒತ್ತಡದ ಸ್ವಿಚ್ ಆಟೋದಲ್ಲಿದೆಯೇ ಎಂದು ನೆಲದಲ್ಲಿದ್ದ ಎಂಜಿನಿಯರ್ ಕೇಳಿದ್ದಕ್ಕೆ, ಕೂಲಿಂಗ್‌ನ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂಬ ಪ್ರಶ್ನೆ ವಾಪಸ್ ಬಂತು. ಬುದ್ಧಿ ಆಗಲೇ ಮಂಕಾಗಿತ್ತು. ಆಟೋಪೈಲಟ್ ವಿಮಾನವನ್ನು 34,000 ಅಡಿಗೆ ಒಯ್ದಿತು. ಇಂಧನ ಮುಗಿದು ಅದು ಗ್ರೀಸ್‌ನಲ್ಲಿ ಅಪ್ಪಳಿಸಿದಾಗ 121 ಮಂದಿಯೂ ಸತ್ತರು.

ಈ ಮಂಕು ಹೇಗಿರುತ್ತದೆ ಎಂದು ಅನುಭವಿಸಿಯೇ ಕಲಿಯಬೇಕು. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಇದಕ್ಕೆಂದೇ ಗಾಳಿ ತೆಳುವಾಗಿಸುವ ಕೋಣೆಯಿದೆ. ಇಂಥ ತರಬೇತಿ ನಾಗರಿಕ ಪೈಲಟ್‌ಗಳಿಗೂ ಜಾಸ್ತಿ ಸಿಗಬೇಕು.

ಪ್ರಯಾಣಿಕರ ಮಾಸ್ಕ್ ಉದುರುವುದು ಕ್ಯಾಬಿನ್ ಸುಮಾರು 14,000 ಅಡಿ ಮುಟ್ಟಿದಾಗ. ಮೊದಲು ನಿಮ್ಮದು ಹಾಕಿಕೊಳ್ಳಿ, ಆಮೇಲೆ ಮಗುವಿನದು. ಆಕ್ಸಿಜನ್ ಬರುವುದು ಹೆಚ್ಚಿನ ವಿಮಾನಗಳಲ್ಲಿ ಹನ್ನೆರಡು ನಿಮಿಷದ ಆಸುಪಾಸು. ಅಷ್ಟರಲ್ಲಿ ವಿಮಾನ ಕೆಳಗಿಳಿದಿರಬೇಕು. ಮಾಸ್ಕ್ ಬಿದ್ದ ಮೇಲೂ ಅದು ಏರುತ್ತಲೇ ಇದ್ದರೆ, ಕ್ಯಾಬಿನ್ ಸಿಬ್ಬಂದಿ ಸುಮ್ನೆ ಕಾಯದೆ ತಕ್ಷಣ ಕಾಕ್‌ಪಿಟ್‌ಗೆ ಕರೆ ಮಾಡಬೇಕು.