ಗ್ರ್ಯಾಂಟ್ ಕಥೆಯನ್ನು ಕನ್ನಡ ಪಾಡ್‌ಕಾಸ್ಟ್‌ಗೆ ತಂದಿದ್ದು ಹೀಗೆ

ಯುಲಿಸಿಸ್ ಗ್ರ್ಯಾಂಟ್ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧವನ್ನು ಉತ್ತರಕ್ಕೆ ಗೆದ್ದುಕೊಟ್ಟ ಜನರಲ್. 1869ರಿಂದ 1877ರವರೆಗೆ ಅಲ್ಲಿನ ಅಧ್ಯಕ್ಷ. ಆದರೆ ಆತನ ಆತ್ಮಕಥೆ ಯುದ್ಧ ಮುಗಿಯುತ್ತಿದ್ದಂತೆ ನಿಂತುಬಿಡುತ್ತದೆ. ಅಧಿಕಾರದ ಎಂಟು ವರ್ಷದ ಬಗ್ಗೆ ಆತ ಬರೆಯಲೇ ಇಲ್ಲ. ಅದಕ್ಕೇ ಏನೋ, ಗ್ರ್ಯಾಂಟ್ ಕಥೆ ಹೇಳುವವರು ಬಹಳ ಮಂದಿ ಜನರಲ್ ಹತ್ತಿರವೇ ಉಳಿದುಬಿಡುತ್ತಾರೆ. ನನ್ನ ಪಾಡ್‌ಕಾಸ್ಟ್‌ನಲ್ಲಿ ಯುದ್ಧಕ್ಕೆ ಅರ್ಧ, ಅಧ್ಯಕ್ಷಗಿರಿಗೆ ಅರ್ಧ ಎಂದು ಮೊದಲೇ ಗೆರೆ ಎಳೆದುಕೊಂಡೆ.

ಆಧಾರಕ್ಕೆ ಕೊರತೆ ಇಲ್ಲ. ಆತನ ಪತ್ರ, ಆದೇಶಗಳೆಲ್ಲ 32 ಸಂಪುಟಗಳಲ್ಲಿ ಬಂದಿವೆ. ಮಿಸಿಸಿಪಿ ಸ್ಟೇಟ್ ಯೂನಿವರ್ಸಿಟಿಯವರು ಅವನ್ನು ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಯಾವ ರಾಜ್ಯಕ್ಕೆ ದಂಡೆತ್ತಿ ಹೋಗಿದ್ದನೋ ಅಲ್ಲೇ ಈಗ ಆತನ ಹೆಸರಿನ ಗ್ರಂಥಾಲಯ! ಯಾವ ಘಟನೆ ಬಂದರೂ ಮೊದಲು ಆ ವಾರದ ಪತ್ರ ಓದುತ್ತಿದ್ದೆ, ಆಮೇಲೆ ಆತ್ಮಕಥೆ, ಕೊನೆಗೆ ಇತಿಹಾಸಕಾರರು. ಇಪ್ಪತ್ತು ವರ್ಷ ಕಳೆದ ಮೇಲೆ ನೆನೆದು ಬರೆದಿದ್ದಕ್ಕೂ, ಗುಂಡಿನ ಸದ್ದು ಕೇಳುತ್ತಿದ್ದಾಗ ಗೀಚಿದ್ದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಅಲ್ವಾ?

ಯುದ್ಧದ ಭಾಗದಲ್ಲಿ ತಲೆನೋವು ನಕ್ಷೆಯದ್ದು. ಆಡಿಯೊದಲ್ಲಿ ಅದನ್ನು ತೋರಿಸೋದು ಹೇಗೆ? ವಿಕ್ಸ್‌ಬರ್ಗ್ ಕದನಕ್ಕೆ ಊರು, ದಳಗಳ ಹೆಸರನ್ನೆಲ್ಲ ಕಿತ್ತು ಹಾಕಿ ನದಿಯೊಂದನ್ನೇ ಹಿಡಿದುಕೊಂಡೆ. ಊರಿನ ಎದುರು ಮಿಸಿಸಿಪಿ ನದಿ ಆಗುಂಬೆ ಘಾಟಿಯ ತಿರುವಿನಂತೆ ಬಾಗುತ್ತಿತ್ತು. ದಿಬ್ಬದ ಮೇಲೆ ದಕ್ಷಿಣದವರ ಫಿರಂಗಿ. 1863ರ ಏಪ್ರಿಲ್‌ನಲ್ಲಿ ಗ್ರ್ಯಾಂಟ್ ಕಡೆಯ ಹಡಗುಗಳು ರಾತ್ರೋರಾತ್ರಿ ಆ ಫಿರಂಗಿಗಳ ಕೆಳಗೇ ನುಸುಳಿದವು. ಸೈನ್ಯ ಆಚೆ ದಡದಲ್ಲಿ ದಕ್ಷಿಣಕ್ಕೆ ನಡೆದು, ಹಡಗು ಹತ್ತಿ ಈಚೆ ದಾಟಿ, ಊರನ್ನು ಹಿಂದಿನಿಂದ ಮುತ್ತಿತು. ಜುಲೈ 4ಕ್ಕೆ ಸುಮಾರು 29,000 ಸೈನಿಕರು ಶರಣಾದರು.

ಮೆಚ್ಚಿನ ವ್ಯಕ್ತಿಯ ಕಥೆ ಹೇಳುವಾಗ ಕೆಟ್ಟದ್ದನ್ನು ಒಂದು ಸಾಲಿನಲ್ಲಿ ತೇಲಿಸಿಬಿಡುವ ಆಸೆ ಬರುತ್ತದೆ. 1862ರ ಡಿಸೆಂಬರ್‌ನಲ್ಲಿ ತನ್ನ ಹಿಡಿತದ ಪ್ರದೇಶದಿಂದ ಯಹೂದಿಗಳನ್ನೆಲ್ಲ ಹೊರಹಾಕಲು ಗ್ರ್ಯಾಂಟ್ ಆದೇಶ ಕೊಟ್ಟಿದ್ದ. ಲಿಂಕನ್ ಅದನ್ನು ರದ್ದು ಮಾಡಿಸಿದರು. ಇದನ್ನು ವಿಕ್ಸ್‌ಬರ್ಗ್ ಗೆಲುವಿಗಿಂತ ಮುಂಚೆಯೇ, ನಿಧಾನವಾಗಿ ಹೇಳಿದೆ. ಕೋಲ್ಡ್ ಹಾರ್ಬರ್ ಕದನ ಕೂಡ ಹಾಗೆಯೇ. 1864ರ ಜೂನ್ 3ರ ಆ ದಾಳಿಯಲ್ಲಿ ಆತನ ಕಡೆಯ ಸಾವಿರಾರು ಜನ ನೆಲಕ್ಕುರುಳಿದರು. ಅದನ್ನು ಮಾಡಿಸಬಾರದಿತ್ತು ಎಂಬ ಕೊರಗನ್ನು ಆತನೇ ಬರೆದುಕೊಂಡಿದ್ದಾನೆ.

ಕ್ಯಾನ್ಸರ್ ಕಥೆಯನ್ನು ಎಲ್ಲರೂ ಕೊನೆಗೆ ಇಡುತ್ತಾರೆ. 1884ರಲ್ಲಿ ಪಾಲುದಾರನ ಮೋಸದಿಂದ ದಿವಾಳಿ, ಗಂಟಲು ಕ್ಯಾನ್ಸರ್, ಹೆಂಡತಿ ಜೂಲಿಯಾಳಿಗೆ ನಾಲ್ಕು ಕಾಸಾಗಲಿ ಎಂದು ಸಾಯುವ ಮುಂಚೆ ಬರೆದು ಮುಗಿಸಿದ ಆತ್ಮಕಥೆ. ಅದನ್ನು ಪ್ರಕಟಿಸಿದ್ದು ಮಾರ್ಕ್ ಟ್ವೈನ್‌ನ ಸಂಸ್ಥೆ. ನಾನು ಇದನ್ನು ಮೊದಲ ಎಪಿಸೋಡಿಗೇ ಹಾಕಿದೆ. ಕೊನೆಯಲ್ಲಿ ಇಟ್ಟರೆ ಕೇಳುಗರ ಕಣ್ಣು ಒದ್ದೆಯಾಗುತ್ತದೆ, ಅಧ್ಯಕ್ಷನಾಗಿ ಮಾಡಿದ್ದು, ಮಾಡದೆ ಬಿಟ್ಟಿದ್ದು ಎರಡೂ ಮರೆತುಹೋಗುತ್ತದೆ.

ಯುದ್ಧದಿಂದ ಅಧಿಕಾರಕ್ಕೆ ದಾಟಲು ಈಲಿ ಪಾರ್ಕರ್ ಸಿಕ್ಕಿದ. ಸೆನೆಕಾ ಎಂಬ ಮೂಲನಿವಾಸಿ ಸಮುದಾಯದವನು. 1865ರ ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ದಕ್ಷಿಣದವರ ಜನರಲ್ ಲೀ ಶರಣಾದಾಗ ಷರತ್ತುಗಳನ್ನು ನೀಟಾಗಿ ಬರೆದುಕೊಟ್ಟವನು ಇವನೇ. ಗ್ರ್ಯಾಂಟ್ ಅಧ್ಯಕ್ಷನಾದಾಗ ಮೂಲನಿವಾಸಿಗಳ ಇಲಾಖೆಯನ್ನು ಇವನ ಕೈಗೆ ಕೊಟ್ಟ. ಆದರೂ ಅದೇ ಗ್ರ್ಯಾಂಟ್ ಕಾಲದಲ್ಲೇ, 1876ರಲ್ಲಿ, ಲಕೋಟಾ ಜನರ ಮೇಲೆ ಯುದ್ಧ ನಡೆಯಿತು.

ಜಾಸ್ತಿ ಹೊತ್ತು ತೆಗೆದುಕೊಂಡಿದ್ದು 1871. ಕರಿಯರಿಗೆ ಮತದ ಹಕ್ಕು ಕೊಡುವ 15ನೇ ತಿದ್ದುಪಡಿ ಹಿಂದಿನ ವರ್ಷವಷ್ಟೇ ಜಾರಿಯಾಗಿತ್ತು. ಮತ ಹಾಕಲು ಹೋದವರನ್ನು ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪು ರಾತ್ರಿ ಮನೆಯಿಂದ ಎಳೆದು ಹೊಡೆಯುತ್ತಿತ್ತು, ಕೊಲ್ಲುತ್ತಿತ್ತು. ಗ್ರ್ಯಾಂಟ್ ದಕ್ಷಿಣ ಕೆರೊಲೈನಾದ ಒಂಬತ್ತು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹೇಬಿಯಸ್ ಕಾರ್ಪಸ್, ಅಂದರೆ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕನ್ನು, ಅಮಾನತು ಮಾಡಿದ. ಸೈನ್ಯ ನುಗ್ಗಿ ನೂರಾರು ಜನರನ್ನು ಹಿಡಿಯಿತು. ಇಲ್ಲಿ ಸ್ಕ್ರಿಪ್ಟ್ ನಿಂತುಬಿಟ್ಟಿತು. ಹೇಬಿಯಸ್ ಕಾರ್ಪಸ್ ಇಲ್ಲ ಎಂದ ತಕ್ಷಣ ನಮ್ಮವರಿಗೆ ನೆನಪಾಗುವುದು ತುರ್ತು ಪರಿಸ್ಥಿತಿ, ಬೆಂಗಳೂರು ಜೈಲಿನಲ್ಲಿ ಕೂತ ವಾಜಪೇಯಿ, ಅಡ್ವಾಣಿ. ಆ ಕಸಿವಿಸಿಯನ್ನು ನಾನು ಮುಚ್ಚಲಿಲ್ಲ. ಹೌದು, ಅದೇ ಅಸ್ತ್ರ ಎಂದೇ ಹೇಳಿ, ಅದು ಯಾರ ಮೇಲೆ, ಯಾರನ್ನು ಕಾಪಾಡಲು ಬಿತ್ತು ಎಂದು ಮುಂದೆ ವಿವರಿಸಿದೆ. ನನ್ನ ಮಟ್ಟಿಗೆ ಗ್ರ್ಯಾಂಟ್‌ನನ್ನು ಅಳೆಯಬೇಕಾದ ಜಾಗ ಇದು. ವಿಸ್ಕಿ ತೆರಿಗೆ ಹಗರಣ, ಸುತ್ತಲಿದ್ದ ಲಂಚಕೋರರು ಎಲ್ಲ ನಿಜವೇ, ಅವರಿಗೆ ಹತ್ತು ನಿಮಿಷ ಸಾಕು.

ಎಪಿಸೋಡ್ ಹೋದ ಮೇಲೆ ಜಾಸ್ತಿ ಜನ ಕೇಳಿದ್ದು, ಇಷ್ಟೆಲ್ಲ ಮಾಡಿದರೂ ಕರಿಯರ ಮತದ ಹಕ್ಕು ಮತ್ತೆ ಹೋಗಿದ್ದು ಹೇಗೆ ಎಂದು. ವಿಶ್ವಪ್ರವಾಸದಲ್ಲಿ ಗ್ರ್ಯಾಂಟ್ ಭಾರತಕ್ಕೆ ಬಂದ ಕಥೆಗೆಂದು ಇಟ್ಟಿದ್ದ ಎಪಿಸೋಡನ್ನು ಬಿಟ್ಟು, ಅಲ್ಲಿ 1875ರ ಮಿಸಿಸಿಪಿ ಚುನಾವಣೆಯನ್ನು ಹಾಕಿದೆ. ಕರಿಯ ಮತದಾರರ ಮೇಲಿನ ಹಿಂಸೆ ತಡೆಯಲು ಸೈನ್ಯ ಕಳಿಸಿ ಎಂದು ಗವರ್ನರ್ ಏಮ್ಸ್ ಕೇಳಿಕೊಂಡರು. ಉತ್ತರದ ಮತದಾರರು ಬೇಸತ್ತಿದ್ದರು, ಉತ್ತರದ ಓಹಾಯೋ ರಾಜ್ಯದ ಚುನಾವಣೆ ಹತ್ತಿರದಲ್ಲಿತ್ತು. ಗ್ರ್ಯಾಂಟ್ ಸರಕಾರ ಸೈನ್ಯ ಕಳಿಸಲಿಲ್ಲ.