ನಕ್ಷತ್ರದ ಗೆರೆ ಹಿಡಿಯಲು ಶಟರ್ ಗಂಟೆಗಟ್ಟಲೆ ತೆರೆದಿಡಬೇಕಿಲ್ಲ

ಆಕಾಶದ ತುಂಬ ಸುತ್ತು ಸುತ್ತಾಗಿ ಗೆರೆಗಳಿರುವ ಫೋಟೋ ನೋಡಿದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಶಟರ್ ಎಷ್ಟು ಗಂಟೆ ತೆರೆದಿಟ್ಟಿದ್ರಿ?" ಮೂವತ್ತು ಸೆಕೆಂಡು ಅಂದರೆ ಯಾರೂ ನಂಬುವುದಿಲ್ಲ. ಆದರೆ ನಿಜ ಅದೇ. ಮೂವತ್ತು ಸೆಕೆಂಡಿನ ಫೋಟೋಗಳನ್ನು ಬಿಡುವಿಲ್ಲದೆ ನೂರಾರು ತೆಗೆದು, ಆಮೇಲೆ ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಕೂರಿಸುತ್ತೇನೆ. "ಇದು ಮೋಸ ಅಲ್ವಾ ಅಕ್ಕಾ" ಅಂತ ನನ್ನ ತಮ್ಮ ಆಗಾಗ ಕೆಣಕುತ್ತಾನೆ. ಅಲ್ಲ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇನೆ. ಇದೊಂದು ತಿಳಿದರೆ ಉಳಿದ ಸೆಟ್ಟಿಂಗ್‌ಗಳನ್ನು ಉರು ಹೊಡೆಯಬೇಕಾಗಿಲ್ಲ.

ಭೂಮಿ 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿ ಸರಿದಂತೆ ಕಾಣುತ್ತವೆ. ನನ್ನದು 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾ, ಅದಕ್ಕೆ 24 ಎಂಎಂ ಲೆನ್ಸ್. ಲೆಕ್ಕ ಹಾಕಿದರೆ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ನಕ್ಷತ್ರವೊಂದು ಈ ಜೋಡಿಯಲ್ಲಿ ಒಂದು ಪಿಕ್ಸೆಲ್ ಮೇಲೆ ನಿಲ್ಲುವುದು ಸುಮಾರು ಮೂರೂವರೆ ಸೆಕೆಂಡು. ಆಮೇಲೆ ಪಕ್ಕದ ಪಿಕ್ಸೆಲ್‌ಗೆ ಹೋಗುತ್ತದೆ. ನೀವು ಶಟರ್ ಅನ್ನು 30 ಸೆಕೆಂಡು ತೆರೆದಿಡಿ, ಒಂದು ಗಂಟೆ ತೆರೆದಿಡಿ, ಆ ಪಿಕ್ಸೆಲ್‌ಗೆ ನಕ್ಷತ್ರದಿಂದ ಸಿಗುವ ಬೆಳಕು ಅಷ್ಟೇ. ಆಕಾಶದ ಮಬ್ಬು ಹಾಗಲ್ಲ. ದೂರದ ಊರಿನ ದೀಪಗಳಿಂದ ಏಳುವ ಹೊಳಪು ಎಲ್ಲೂ ಸರಿಯುವುದಿಲ್ಲ. ಶಟರ್ ತೆರೆದಿರುವಷ್ಟು ಹೊತ್ತೂ ಅದೇ ಪಿಕ್ಸೆಲ್‌ನಲ್ಲಿ ತುಂಬುತ್ತಲೇ ಇರುತ್ತದೆ.

ಅಂದರೆ ಗೆರೆ ಎಷ್ಟು ಹೊಳೆಯಬೇಕು ಅನ್ನುವುದು ಅಪರ್ಚರ್ (ಲೆನ್ಸ್ ಬೆಳಕು ಬಿಡುವ ಕಿಂಡಿಯ ಅಗಲ) ಮತ್ತು ಐಎಸ್‌ಒ (ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿ ತೋರಿಸುತ್ತದೆ ಅನ್ನುವ ಅಳತೆ) ಕೈಯಲ್ಲಿದೆ. ಎಷ್ಟು ಉದ್ದ ಬರಬೇಕು ಅನ್ನುವುದು ಒಟ್ಟು ಎಷ್ಟು ಹೊತ್ತು ತೆಗೆದಿರಿ ಅನ್ನುವುದರ ಮೇಲಿದೆ. ಒಂದೊಂದು ಫೋಟೋದ ಶಟರ್ ಸಮಯ ನಿರ್ಧರಿಸುವುದು ಆಕಾಶ ಎಷ್ಟು ಕಪ್ಪಗೆ ಉಳಿಯಬೇಕು ಅನ್ನುವುದನ್ನು ಮಾತ್ರ.

ಒಂದು ಉದಾಹರಣೆ ನೋಡಿ. ಎಫ್/2.8, ಐಎಸ್‌ಒ 800, 30 ಸೆಕೆಂಡಿಗೆ ಆಕಾಶ ಚೆನ್ನಾಗಿ ಬಂದಿದೆ ಅಂತ ಇಟ್ಟುಕೊಳ್ಳಿ. ಅದೇ ಸೆಟ್ಟಿಂಗ್‌ನಲ್ಲಿ ಒಂದು ಗಂಟೆ ತೆರೆದಿಟ್ಟರೆ ಆಕಾಶಕ್ಕೆ 120 ಪಟ್ಟು ಬೆಳಕು ಬೀಳುತ್ತದೆ, ಫೋಟೋ ಪೂರ್ತಿ ಬೆಳ್ಳಗಾಗುತ್ತದೆ. ತಪ್ಪಿಸಲು ಅಪರ್ಚರ್ ಕಿರಿದು ಮಾಡಿ ಎಫ್/8ಕ್ಕೆ ಹೋಗಿ ಐಎಸ್‌ಒ 100ಕ್ಕೆ ಇಳಿಸಿದಿರಿ ಅನ್ನಿ. ಆಗ ಗೆರೆಯ ಹೊಳಪು 64ರಲ್ಲಿ ಒಂದು ಪಾಲಾಯಿತು. ಸಣ್ಣ ನಕ್ಷತ್ರಗಳೆಲ್ಲ ಮಾಯ, ಹತ್ತಿಪ್ಪತ್ತು ದೊಡ್ಡವು ಮಾತ್ರ ಉಳಿದವು. ಇಷ್ಟು ಮಾಡಿದರೂ ಆಕಾಶ ಮೊದಲಿಗಿಂತ ಎರಡು ಪಟ್ಟು ಬೆಳಕಾಗಿಯೇ ಇರುತ್ತದೆ. ಅದರ ಮೇಲೆ ಸೆನ್ಸರ್ ಬಿಸಿಯಾಗಿ ಬರುವ ಕೆಂಪು ನೀಲಿ ಚುಕ್ಕೆಗಳು ಬೇರೆ. ಐವತ್ತೆಂಟನೇ ನಿಮಿಷದಲ್ಲಿ ಯಾರಾದರೂ ಟಾರ್ಚ್ ಹಾಕಿದರೆ ಇಡೀ ಗಂಟೆ ನೀರಿನಲ್ಲಿ ಹೋಮ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮ್ಯಾನುವಲ್ ಮೋಡ್ ಇರುವ ಯಾವ ಕ್ಯಾಮೆರಾ ಆದರೂ ಸರಿ. ಅಗಲದ (ವೈಡ್ ಆ್ಯಂಗಲ್) ಲೆನ್ಸ್ ಇದ್ದರೆ ಒಳ್ಳೆಯದು. ಗಾಳಿಗೆ ಅಲುಗದ ಟ್ರೈಪಾಡ್ ಇರಲಿ, ಅದರ ನಡುವಿನ ಕಂಬವನ್ನು ಮೇಲೆತ್ತಬೇಡಿ. ಗುಂಡಿ ಒತ್ತಿ ಲಾಕ್ ಮಾಡಲು ಬರುವ ತಂತಿಯ ರಿಮೋಟ್ ಬೇಕು. ಇದರಲ್ಲಿ ದುಬಾರಿಯದು, ಅಗ್ಗದ್ದು ಎಂಬ ಭೇದವಿಲ್ಲ, ಲಾಕ್ ಆದರೆ ಸಾಕು.

ಇನ್ನು ಎತ್ತ ಮುಖ ಮಾಡುವುದು? ಉತ್ತರಕ್ಕೆ ತಿರುಗಿದರೆ ಗೆರೆಗಳು ಧ್ರುವ ನಕ್ಷತ್ರದ ಸುತ್ತ ವೃತ್ತವಾಗುತ್ತವೆ. ಸಪ್ತರ್ಷಿ ಮಂಡಲದ ಚೌಕದ ಹೊರ ಅಂಚಿನಲ್ಲಿರುವ ಪುಲಹದಿಂದ ಕ್ರತು ನಕ್ಷತ್ರದ ಕಡೆಗೆ ಗೆರೆ ಎಳೆಯಿರಿ. ಅವೆರಡರ ನಡುವಿನ ಅಂತರದ ಐದು ಪಟ್ಟು ಮುಂದೆ ಹೋದರೆ ಧ್ರುವ ಸಿಗುತ್ತದೆ. ನೀವು ಎಷ್ಟು ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೀರೋ ಅದು ದಿಗಂತದಿಂದ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. 15 ಡಿಗ್ರಿ ಅಕ್ಷಾಂಶದವರಿಗೆ ಧ್ರುವ ಒಂದೂವರೆ ಮುಷ್ಟಿ ಎತ್ತರದಲ್ಲಿ, ಮರದ ತಲೆಗೆ ತಾಗುವ ಹಾಗಿರುತ್ತದೆ. ಅಲ್ಲಿ ಪೂರ್ತಿ ವೃತ್ತಗಳು ಮಧ್ಯದಲ್ಲಿ ಸ್ವಲ್ಪವೇ ಇರುತ್ತವೆ, ಉಳಿದವು ಕಮಾನುಗಳಾಗುತ್ತವೆ. 45 ಡಿಗ್ರಿಯವರಿಗೆ ಧ್ರುವ ಅರ್ಧ ಆಕಾಶದಲ್ಲಿರುತ್ತದೆ, ವೃತ್ತಗಳೂ ದೊಡ್ಡವು. ಅಂದ ಹಾಗೆ, ಅಲುಗದವನು ಎಂದು ಹೆಸರಾದ ಧ್ರುವನೂ ಕದಲುತ್ತಾನೆ. ಇಡೀ ಆಕಾಶ ಯಾವುದರ ಸುತ್ತ ತಿರುಗಿದಂತೆ ಕಾಣುತ್ತದೋ ಆ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗಿಂತ ತುಸು ಜಾಸ್ತಿ ದೂರದಲ್ಲಿದ್ದಾನೆ. ಎರಡು ಗಂಟೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಅವನದೂ ಒಂದು ಪುಟ್ಟ ಗೆರೆ ಕಾಣುತ್ತದೆ.

ದಕ್ಷಿಣ ಗೋಳಾರ್ಧದವರಿಗೆ ಈ ಅನುಕೂಲ ಇಲ್ಲ. ಅಲ್ಲಿ ಧ್ರುವಬಿಂದುವಿನ ಹತ್ತಿರ ಇರುವ ಸಿಗ್ಮಾ ಆಕ್ಟಾಂಟಿಸ್ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕು. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂನಂಥ ಆ್ಯಪ್ ತೆರೆದು ನೋಡುವುದೇ ಸುಲಭ.

ಎಲ್ಲರೂ ವೃತ್ತದ ಹಿಂದೆ ಬೀಳುತ್ತಾರೆ. ನನಗೆ ಪೂರ್ವ, ಪಶ್ಚಿಮದ ಆಕಾಶವೇ ಹೆಚ್ಚು ಇಷ್ಟ. ಅಲ್ಲಿ ಖಗೋಳದ ಸಮಭಾಜಕ, ಅಂದರೆ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿಕೊಂಡ ಗೆರೆ, ಹಾದುಹೋಗುತ್ತದೆ. ಅದರ ಮೇಲಿನ ನಕ್ಷತ್ರಗಳ ಗೆರೆ ನೇರ ಬರುತ್ತದೆ, ಎಡಕ್ಕಿರುವವು ಒಂದು ಕಡೆಗೆ ಬಾಗುತ್ತವೆ, ಬಲಕ್ಕಿರುವವು ಇನ್ನೊಂದು ಕಡೆಗೆ. ಅಗಲದ ಲೆನ್ಸ್‌ನಲ್ಲಿ ಮೂರೂ ಒಟ್ಟಿಗೆ ಸಿಗುತ್ತವೆ. ಬೇಗ ಮುಗಿಯುತ್ತದೆ ಎಂಬ ಲಾಭವೂ ಇದೆ. ಧ್ರುವದ ಹತ್ತಿರ ನಕ್ಷತ್ರಗಳು ನಿಧಾನ, ಗೆರೆ ಬೆಳೆಯಲು ಒಂದೂವರೆ ಎರಡು ಗಂಟೆ ಬೇಕು. ಇಲ್ಲಿ ಮುಕ್ಕಾಲು ಗಂಟೆ ಸಾಕಾಗುತ್ತದೆ. 50 ಎಂಎಂ ಲೆನ್ಸ್ ಆದರೆ ಅರ್ಧ ಗಂಟೆಯೇ ಸಾಕು.

ಅಮಾವಾಸ್ಯೆಗೇ ಕಾಯಬೇಕು ಅಂತೇನೂ ಇಲ್ಲ. ಆಕಾಶಗಂಗೆ ಹಿಡಿಯುವವರಿಗೆ ಅದು ಬೇಕು, ಗೆರೆ ಹಿಡಿಯುವವರಿಗೆ ಸಣ್ಣ ಚಂದ್ರ ಸ್ನೇಹಿತ. ಶುಕ್ಲ ಪಕ್ಷದ ಚೌತಿಯಿಂದ ಷಷ್ಠಿಯ ಚಂದ್ರ ನಿಮ್ಮ ಬೆನ್ನ ಹಿಂದಿದ್ದರೆ ಮುಂದಿನ ಬಂಡೆ, ಮರ, ಗೋಡೆ ಎಲ್ಲ ಮೆತ್ತಗೆ ಬೆಳಗುತ್ತವೆ. ನಡುರಾತ್ರಿಯ ಒಳಗೆ ಅವನು ಮುಳುಗುತ್ತಾನೆ, ಆಮೇಲೆ ಕಪ್ಪು ಆಕಾಶ ಸಿಗುತ್ತದೆ. ಹುಣ್ಣಿಮೆ ಮಾತ್ರ ಬೇಡ. ತೆಳು ಮೋಡವೂ ಬೇಡ, ಕಾರಣ ಕೊನೆಗೆ ಹೇಳುತ್ತೇನೆ.

ಫೋಕಸ್‌ಗೆ ಸಮಯ ಕೊಡಿ. ಲೆನ್ಸ್ ಮೇಲಿನ ಅನಂತದ ಗುರುತನ್ನು ನಂಬಬೇಡಿ, ಬಹಳಷ್ಟು ಲೆನ್ಸ್‌ಗಳು ಅದನ್ನು ದಾಟಿಯೂ ತಿರುಗುತ್ತವೆ. ಆಟೋ ಫೋಕಸ್ ಆಫ್ ಮಾಡಿ. ಲುಬ್ಧಕ, ಸ್ವಾತಿ ಅಥವಾ ಗುರು ಗ್ರಹ, ಯಾವುದು ಚೆನ್ನಾಗಿ ಹೊಳೆಯುತ್ತಿದೆಯೋ ಅದನ್ನು ಸ್ಕ್ರೀನಿನ ಮಧ್ಯಕ್ಕೆ ತಂದು, ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ. ಉಂಗುರವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾ ಹೋದರೆ ದಪ್ಪ ಚುಕ್ಕೆ ಸಣ್ಣದಾಗುತ್ತದೆ, ಮತ್ತೆ ದಪ್ಪವಾಗುತ್ತದೆ. ಸುಮ್ನೆ ಒಮ್ಮೆ ದಾಟಿ ಹೋಗಿ, ವಾಪಸ್ ಬನ್ನಿ. ದೊಡ್ಡ ಅಪರ್ಚರ್ ಇರುವ ಲೆನ್ಸ್‌ಗಳಲ್ಲಿ ಉಂಗುರ ಒಂದು ಕಡೆಗೆ ದಾಟಿದಾಗ ಚುಕ್ಕೆಯ ಅಂಚಿಗೆ ನೇರಳೆ, ಇನ್ನೊಂದು ಕಡೆಗೆ ದಾಟಿದಾಗ ಹಸಿರು ಛಾಯೆ ಬರುವುದುಂಟು. ಎರಡರ ನಡುವೆ, ಬಣ್ಣ ಇಲ್ಲದೆ, ಅತಿ ಸಣ್ಣದಾಗಿ ಕಾಣುವ ಜಾಗ ಸಿಕ್ಕಿತೋ, ಉಂಗುರಕ್ಕೆ ಟೇಪ್ ಅಂಟಿಸಿಬಿಡಿ. ಆಮೇಲೆ ಯಾರು ಏನೇ ಅಂದರೂ ಮುಟ್ಟಬೇಡಿ. ಕೆಲವು ಲೆನ್ಸ್‌ಗಳಲ್ಲಿ ಉಂಗುರಕ್ಕೂ ಒಳಗಿನ ಗಾಜಿಗೂ ನಡುವೆ ಮೋಟಾರ್ ಇರುತ್ತದೆ. ಕ್ಯಾಮೆರಾ ಆಫ್ ಮಾಡಿದರೆ ಫೋಕಸ್ ಕಳೆದುಹೋಗಬಹುದು, ಟೇಪ್ ಉಪಯೋಗಕ್ಕೆ ಬರುವುದಿಲ್ಲ. ಅಂಥದ್ದಿದ್ದರೆ ಕ್ಯಾಮೆರಾವನ್ನು ಆನ್‌ನಲ್ಲೇ ಬಿಡಿ.

ಈಗ ಐಎಸ್‌ಒ 6400 ಇಟ್ಟು ಹತ್ತು ಸೆಕೆಂಡಿನ ಒಂದೆರಡು ಫೋಟೋ ತೆಗೆಯಿರಿ. ಇವು ಇಟ್ಟುಕೊಳ್ಳಲು ಅಲ್ಲ, ಫ್ರೇಮ್ ಸರಿಯಿದೆಯೇ, ದಿಗಂತ ವಾಲಿದೆಯೇ ಅಂತ ನೋಡಲು. ಸರಿ ಎನ್ನಿಸಿದ ಮೇಲೆ ಅಸಲು ಸೆಟ್ಟಿಂಗ್‌ಗೆ ಬನ್ನಿ: ಎಫ್/2.8 ಅಥವಾ ಎಫ್/4, ಐಎಸ್‌ಒ 400ರಿಂದ 1600ರ ನಡುವೆ, 30 ಸೆಕೆಂಡು, ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್). ನಾನು 800ರಿಂದ ಶುರು ಮಾಡುತ್ತೇನೆ. ಇನ್ನೂ ಏರಿಸಿದರೆ ನಕ್ಷತ್ರಗಳು ಜಾಸ್ತಿ ಬರುತ್ತವೆ ನಿಜ, ಆದರೆ ದೊಡ್ಡ ನಕ್ಷತ್ರಗಳ ಗೆರೆ ಬೆಳ್ಳಗೆ ಸುಟ್ಟುಹೋಗುತ್ತದೆ. ರೋಹಿಣಿಯ ಕಿತ್ತಳೆ, ಆರಿದ್ರೆಯ ಕೆಂಪು ಕಾಣಬೇಕು ಅಂದರೆ ಆಸೆ ಸ್ವಲ್ಪ ಕಡಿಮೆ ಇರಲಿ. ಫೋಟೋದ ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸ್ ಆಟೋ ಬೇಡ, 4000 ಕೆಲ್ವಿನ್ ಆಸುಪಾಸಿನಲ್ಲಿ ಒಂದು ಕಡೆ ನಿಲ್ಲಿಸಿ. ಟ್ರೈಪಾಡ್ ಮೇಲಿರುವಾಗ, ಕೈಯ ಅಲುಗಾಟ ಸರಿದೂಗಿಸುವ ಸ್ಟೆಬಿಲೈಸೇಶನ್ ಆಫ್.

ಇನ್ನೊಂದು ಆಫ್ ಮಾಡಲೇಬೇಕಾದದ್ದು, ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್. ಅದು ಆನ್ ಇದ್ದರೆ ಕ್ಯಾಮೆರಾ ಪ್ರತಿ 30 ಸೆಕೆಂಡಿನ ಫೋಟೋ ಆದ ಮೇಲೆ ಶಟರ್ ಮುಚ್ಚಿಕೊಂಡು ಇನ್ನೊಂದು 30 ಸೆಕೆಂಡು ಕಪ್ಪು ಫೋಟೋ ತೆಗೆಯುತ್ತದೆ. ಗೆರೆ ತುಂಡು ತುಂಡಾಗುತ್ತದೆ.

ತುಂಡಾಗಲು ಇನ್ನೊಂದು ಕಾರಣ, ಇಷ್ಟಿಷ್ಟು ಹೊತ್ತಿಗೊಮ್ಮೆ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಒಳಗಿನ ಇಂಟರ್ವಲ್ ಟೈಮರ್. ಇದು ತಲೆ ಕೆಡಿಸುವ ವಿಷಯ, ನಿಧಾನವಾಗಿ ಓದಿ. ಬಹಳಷ್ಟು ಕ್ಯಾಮೆರಾಗಳಲ್ಲಿ ಇಂಟರ್ವಲ್ ಅಂದರೆ ಒಂದು ಫೋಟೋದ ಆರಂಭದಿಂದ ಮುಂದಿನದರ ಆರಂಭದವರೆಗಿನ ಸಮಯ. ಹಾಗಾದರೆ 30 ಸೆಕೆಂಡಿನ ಫೋಟೋಗೆ 31 ಇಟ್ಟರೆ ಸಾಕಲ್ವಾ? ಸಾಲದು. ಶಟರ್ ಸಮಯ ಒಂದೊಂದು ಮೆಟ್ಟಿಲಿಗೂ ಎರಡು ಪಟ್ಟಾಗುತ್ತಾ ಹೋಗುತ್ತದೆ: 1, 2, 4, 8, 16, 32. ಕ್ಯಾಮೆರಾ 30 ಎಂದು ತೋರಿಸುವುದು ನಿಜದಲ್ಲಿ ಸಾಮಾನ್ಯವಾಗಿ 32 ಸೆಕೆಂಡು. 31ನೇ ಸೆಕೆಂಡಿಗೆ ಟೈಮರ್ ಕರೆದಾಗ ಶಟರ್ ಇನ್ನೂ ತೆರೆದೇ ಇರುತ್ತದೆ. ಆ ಸರದಿ ತಪ್ಪಿಹೋಗಿ ಅರ್ಧದಷ್ಟು ಫೋಟೋ ಬರುವುದೇ ಇಲ್ಲ. 33 ಇಡಿ. ಇಲ್ಲ, ಈ ರಗಳೆಯೇ ಬೇಡ ಎಂದರೆ ನಾನು ಮಾಡುವ ಹಾಗೆ ಮಾಡಿ: ಡ್ರೈವ್ ಮೋಡ್ ಕಂಟಿನ್ಯುಯಸ್‌ಗೆ ಹಾಕಿ, ರಿಮೋಟ್ ಗುಂಡಿ ಒತ್ತಿ ಲಾಕ್ ಮಾಡಿ. ಒಂದು ಮುಗಿದ ತಕ್ಷಣ ಇನ್ನೊಂದು ಶುರುವಾಗುತ್ತದೆ. ಗಂಟೆಗೆ ಸುಮಾರು 110 ಫೋಟೋ ಬರುತ್ತವೆ. ಒಂದೊಂದು 25 ಎಂಬಿ ಎಂದರೂ ಮೂರು ಜಿಬಿ ಒಳಗೆ ಮುಗಿಯುತ್ತದೆ.

ಶುರುವಾದ ಮೇಲೆ ಕಾಡುವುದು ಇಬ್ಬನಿ. ತೆರೆದ ಆಕಾಶದ ಕೆಳಗೆ ಲೆನ್ಸಿನ ಮುಂದಿನ ಗಾಜು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಅದರ ಮೇಲೆ ಹನಿ ಕಟ್ಟುತ್ತದೆ. ಗೆರೆಗಳು ನಿಧಾನಕ್ಕೆ ಮಂಕಾಗುತ್ತಾ ಹೋಗುತ್ತವೆ, ಸ್ಥಳದಲ್ಲಿ ಗೊತ್ತೇ ಆಗುವುದಿಲ್ಲ. ಪವರ್ ಬ್ಯಾಂಕಿಗೆ ಚುಚ್ಚುವ ಹೀಟರ್ ಪಟ್ಟಿ ಸಿಗುತ್ತದೆ, ಲೆನ್ಸಿಗೆ ಸುತ್ತಿ ಮೊದಲಿನಿಂದಲೇ ಆನ್ ಇಡಿ. ಹನಿ ಕಟ್ಟಿದ ಮೇಲೆ ಬಟ್ಟೆಯಲ್ಲಿ ಒರೆಸಲು ಹೋದರೆ ಕ್ಯಾಮೆರಾ ಅಲುಗುತ್ತದೆ, ಅಲ್ಲಿಗೆ ಆ ಸಾಲು ಮುಗಿಯಿತು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿರಿ, ಚಳಿಗೆ ಬೇಗ ಇಳಿಯುತ್ತದೆ.

ಕೊನೆಯಲ್ಲಿ ಲೆನ್ಸಿಗೆ ಮುಚ್ಚಳ ಹಾಕಿ, ಸೆಟ್ಟಿಂಗ್ ಬದಲಿಸದೆ, ಐದಾರು ಕಪ್ಪು ಫೋಟೋ ತೆಗೆಯಿರಿ. ಸೆನ್ಸರಿನ ಬಿಸಿ ಚುಕ್ಕೆಗಳನ್ನು ಕಳೆಯಲು ಇವು ಬೇಕು. ನೆಲ ತೀರಾ ಕಪ್ಪಾಗಿದ್ದರೆ, ಟ್ರೈಪಾಡ್ ಅಲುಗಿಸದೆ ಐಎಸ್‌ಒ ಇಳಿಸಿ ನಾಲ್ಕೈದು ನಿಮಿಷದ ಒಂದು ಫೋಟೋವನ್ನು ನೆಲಕ್ಕಾಗಿಯೇ ತೆಗೆಯಿರಿ. ಇದಕ್ಕೆ ಮಾತ್ರ ನಾಯ್ಸ್ ರಿಡಕ್ಷನ್ ಆನ್ ಇರಲಿ.

ಮನೆಗೆ ಬಂದು ಒಂದು ಫೋಟೋ ತಿದ್ದಿ, ಅದೇ ತಿದ್ದುಪಡಿಯನ್ನು ಎಲ್ಲಕ್ಕೂ ಹಾಕಿ. ಫೋಟೋಗಳನ್ನು ಒಂದರ ಮೇಲೊಂದು ಕೂರಿಸುವ ಸ್ಟಾರ್‌ಸ್ಟ್ಯಾಕ್ಸ್ ಎಂಬ ಸಾಫ್ಟ್‌ವೇರ್ ಉಚಿತ, ಕಪ್ಪು ಫೋಟೋಗಳನ್ನೂ ಅದಕ್ಕೇ ಕೊಡಬಹುದು. ಫೋಟೋಶಾಪ್‌ನಲ್ಲಾದರೆ ಎಲ್ಲವನ್ನೂ ಲೇಯರ್‌ಗಳಾಗಿ ತೆರೆದು ಲೈಟನ್ ಮೋಡ್‌ಗೆ ಹಾಕಬೇಕು. ಲೈಟನ್ ಮಾಡುವುದು ಇಷ್ಟೇ: ಒಂದೊಂದು ಪಿಕ್ಸೆಲ್‌ಗೂ ಎಲ್ಲ ಫೋಟೋಗಳಲ್ಲಿ ಯಾವುದು ಹೆಚ್ಚು ಬೆಳಕಾಗಿದೆಯೋ ಅದನ್ನು ಇಟ್ಟುಕೊಳ್ಳುತ್ತದೆ. ಕೂಡಿಸುವುದಿಲ್ಲ. ಅದಕ್ಕೇ ಆಕಾಶ ಕಪ್ಪಗೇ ಉಳಿಯುತ್ತದೆ. ತೆಳು ಮೋಡ ಬೇಡ ಎಂದದ್ದೂ ಅದಕ್ಕೇ. ಎರಡೇ ನಿಮಿಷ ಹಾದುಹೋದ ಮೋಡದ ಬೆಳಕನ್ನೂ ಅದು ಹಿಡಿದಿಟ್ಟುಕೊಳ್ಳುತ್ತದೆ, ಬಿಡುವುದಿಲ್ಲ.

ದೊಡ್ಡದು ಮಾಡಿ ನೋಡಿದಾಗ ಗೆರೆ ಮಣಿ ಪೋಣಿಸಿದ ಹಾಗೆ ಕಂಡರೆ ಗಾಬರಿ ಬೇಡ. ಒಂದು ಫೋಟೋ ಮುಗಿದು ಇನ್ನೊಂದು ಶುರುವಾಗುವ ಕಡೆ ನಕ್ಷತ್ರದ ಬೆಳಕು ಎರಡು ಫೋಟೋಗಳಲ್ಲಿ ಹಂಚಿಹೋಗಿರುತ್ತದೆ. ಲೈಟನ್ ಒಂದನ್ನೇ ಆರಿಸುವುದರಿಂದ ಅಲ್ಲಿ ಚೂರು ಮಂಕು. ಸ್ಟಾರ್‌ಸ್ಟ್ಯಾಕ್ಸ್‌ನಲ್ಲಿ ಇದನ್ನು ತುಂಬುವ ಆಯ್ಕೆ ಇದೆ. ಆಕಾಶ ಚೆನ್ನಾಗಿ ಕಪ್ಪಗಿರುವ ಕಡೆ ಒಂದೊಂದು ಫೋಟೋವನ್ನು ಎರಡು ನಿಮಿಷಕ್ಕೆ ಏರಿಸಿದರೆ ಈ ಕೊಂಡಿಗಳೇ ಕಡಿಮೆಯಾಗುತ್ತವೆ.

ವಿಮಾನ ಹೋಗಿದ್ದರೆ ಆ ಒಂದು ಫೋಟೋದಲ್ಲಿ ಅದರ ಜಾಡಿನ ಮೇಲೆ ಕಪ್ಪು ಬ್ರಷ್ ಎಳೆಯಿರಿ. ಲೈಟನ್ ಕಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾರಿನ ಹೆಡ್‌ಲೈಟ್ ಬಿದ್ದ ನೆಲಕ್ಕೂ ಇದೇ ಮದ್ದು. ಫೋಟೋವನ್ನೇ ತೆಗೆದುಹಾಕಬೇಡಿ, ಗೆರೆಯಲ್ಲಿ ತೂತು ಬೀಳುತ್ತದೆ.

ಗೆರೆ ಜಾಸ್ತಿಯಾಗಿ ಕಣ್ಣಿಗೆ ಗಿಜಿಗಿಜಿ ಎನ್ನಿಸಿದರೆ ಮೊದಲಿನ 40 ಫೋಟೋ ಮಾತ್ರ ಕೂಡಿಸಿ ನೋಡಿ, ಆಮೇಲೆ 80. ನಾನು ಹಾಗೇ ಎರಡು ಮೂರು ಉದ್ದದಲ್ಲಿ ಮಾಡಿಟ್ಟು, ಮಾರನೇ ದಿನ ಒಂದನ್ನು ಆರಿಸುತ್ತೇನೆ. ಮೂಲ ರಾ ಫೈಲ್‌ಗಳನ್ನು ಅಲ್ಲಿಯವರೆಗೆ ಅಳಿಸಬೇಡಿ.